ಕಾಯಿಲೆಗೆ ಹೆಸರಿಲ್ಲದಿದ್ದರೂ ಮಗುವಿಗೆ ಸೌಲಭ್ಯ ಉಂಟು: ಅರ್ಜಿ ಹಾಕುವುದು ಹೀಗೆ

ನಮ್ಮಕ್ಕನ ಮಗನಿಗೆ ಈಗ ಏಳು ವರ್ಷ. ಕುತ್ತಿಗೆ ನಿಂತಿದ್ದು ತಡ, ನಡೆದಿದ್ದು ತಡ, ಮಾತು ಇನ್ನೂ ಪೂರ್ತಿ ಬಂದಿಲ್ಲ. ಏನಾಗಿದೆ ಅಂತ ಇವತ್ತಿಗೂ ಯಾರೂ ಹೆಸರಿಟ್ಟು ಹೇಳಿಲ್ಲ. ಹೊಸನಗರ ತಾಲ್ಲೂಕಿನ ಒಂಟಿಮನೆಯಿಂದ ಶಿವಮೊಗ್ಗ, ಬೆಂಗಳೂರು ಅಂತ ಅಕ್ಕ, ಭಾವ ಎರಡು ವರ್ಷ ತಿರುಗಿದರು. ಸ್ಕ್ಯಾನ್ ನಾರ್ಮಲ್. ರಕ್ತಪರೀಕ್ಷೆ ನಾರ್ಮಲ್. "ಕಾಯಿಲೆ ಏನಂತಲೇ ಗೊತ್ತಿಲ್ಲ, ಅಂಗವಿಕಲ ಸರ್ಟಿಫಿಕೇಟ್ ಯಾರು ಕೊಡ್ತಾರೆ ಮಾರಾಯ್ತಿ?" ಅಂತ ಭಾವ ಕೈಚೆಲ್ಲಿ ಕೂತಿದ್ದರು.

ಕೊಡುತ್ತಾರೆ. ಇದು ನಮಗೆ ಗೊತ್ತಾಗಿದ್ದು ತಡವಾಗಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಮಗು ಅದರಲ್ಲಿ ಯಾವುದಕ್ಕೆ ಸೇರುತ್ತದೆ, ಎಷ್ಟು ಶೇಕಡಾ ಅಂತ ಡಾಕ್ಟರುಗಳು ಅಳೆಯಬೇಕು. ಯಾಕೆ ಹೀಗಾಯಿತು ಅನ್ನುವುದಕ್ಕೆ ಉತ್ತರ ಸಿಗಲೇಬೇಕು ಅಂತಿಲ್ಲ. ಒಂದರಿಂದ ಐದು ವರ್ಷದೊಳಗಿನ ಮಗು ಎಲ್ಲದರಲ್ಲೂ ಹಿಂದಿದ್ದರೆ 'ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ' ಅಂತ ಬರೆದು ತಾತ್ಕಾಲಿಕ ಪ್ರಮಾಣಪತ್ರ ಕೊಡಲು ಅವಕಾಶವಿದೆ. ಒಟ್ಟಾರೆ ಬೆಳವಣಿಗೆ ತಡ ಅಂತ ಅದರ ಅರ್ಥ, ಅಷ್ಟೇ. ಐದು ದಾಟಿದ ಮೇಲೆ ಅದೇ ಮಗುವನ್ನು ಬೌದ್ಧಿಕ ವೈಕಲ್ಯಕ್ಕೆ ಪರೀಕ್ಷೆ ಮಾಡುತ್ತಾರೆ. ಅಲ್ಲೂ ಜೆನೆಟಿಕ್ ರಿಪೋರ್ಟ್ ತನ್ನಿ ಅನ್ನುವ ನಿಯಮ ಇಲ್ಲ. ಕಾರಣ ಹುಡುಕುವ ಕೆಲಸ ನಡೆಯುತ್ತಿರಲಿ, ಅರ್ಜಿ ಅದಕ್ಕಾಗಿ ಕಾಯುವುದು ಬೇಡ.

ಮೊದಲು ಒಂದು ನೋಟ್‌ಬುಕ್

ಇದನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೇ. "ಸ್ವಲ್ಪ ನಿಧಾನ" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಅಕ್ಕನ ನೋಟ್‌ಬುಕ್ಕಿನಲ್ಲಿ ಹೀಗಿತ್ತು: 'ಚಡ್ಡಿ ತಾನೇ ಹಾಕಿಕೊಳ್ಳಲು ಬರುವುದಿಲ್ಲ. ಮೆತ್ತಗೆ ಕಲಸಿದ ಅನ್ನ ಮಾತ್ರ ನುಂಗುತ್ತಾನೆ. ಬೆಳಗ್ಗೆ ನಾಲ್ಕು ತುತ್ತಿಗೆ ಮುಕ್ಕಾಲು ಗಂಟೆ. ರಾತ್ರಿ ಮೂರು ಸಲ ಎದ್ದ. ಬಾವಿಕಟ್ಟೆ ಕಡೆ ಓಡುತ್ತಾನೆ, ಹೆದರಿಕೆಯೇ ಇಲ್ಲ.' ಹದಿನೈದು ದಿನ ಹೀಗೆ ಬರೆದಿಡಿ. ಜೊತೆಗೆ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ, ಎಲ್ಲ ರಿಪೋರ್ಟ್ ಒಂದು ಫೈಲಿಗೆ ಸೇರಲಿ. ನಾರ್ಮಲ್ ಬಂದ ರಿಪೋರ್ಟನ್ನು ಬಿಸಾಡಬೇಡಿ. ಹುಡುಕಾಟ ಎಲ್ಲಿವರೆಗೆ ಬಂದಿದೆ ಅಂತ ಅದೂ ಹೇಳುತ್ತದೆ.

ಅಂಗನವಾಡಿಯಿಂದ ಜಿಲ್ಲಾಸ್ಪತ್ರೆಗೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಎಲ್ಲರೂ ಕರೆಯುವುದು ಆರ್‌ಬಿಎಸ್‌ಕೆ ಅಂತ. ಇದರ ತಂಡ ಮಕ್ಕಳ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬರುವ ದಿನ ಯಾವುದು ಅಂತ ಅಂಗನವಾಡಿ ಟೀಚರನ್ನೋ ಆಶಾ ಅವರನ್ನೋ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಆಗುವುದೇನೆಂದರೆ, ತಪಾಸಣೆ ದಿನ 'ಇವನಿಗೆ ಜನ ಕಂಡರೆ ಆಗಲ್ಲ' ಅಂತ ಆ ಮಗುವನ್ನೇ ಮನೆಯಲ್ಲಿ ಬಿಟ್ಟು ಬರುತ್ತೇವೆ! ಅವತ್ತೇ ಕರೆದುಕೊಂಡು ಹೋಗಬೇಕು. ಅವರು ಚೀಟಿ ಬರೆದುಕೊಟ್ಟರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಬೆಳವಣಿಗೆಯ ತಪಾಸಣೆ, ಥೆರಪಿ ಎಲ್ಲ ಸಿಗುತ್ತದೆ. ಈ ಚೀಟಿ ಇಲ್ಲದಿದ್ದರೂ ಅರ್ಜಿ ಹಾಕಬಹುದು. ಇದ್ದರೆ ಒಳ್ಳೆಯದು.

ಅರ್ಜಿ

ಈಗ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ವಿಕಲಚೇತನರ ಗುರುತಿನ ಚೀಟಿ) ಒಂದೇ ಅರ್ಜಿ, ಸರ್ಕಾರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. 2021ರ ಜೂನ್‌ನಿಂದ ಆನ್‌ಲೈನೇ ಕಡ್ಡಾಯ. ಸರ್ಕಾರಕ್ಕೆ ಶುಲ್ಕ ಇಲ್ಲ. ಮಗುವಿನ ಫೋಟೋ, ಆಧಾರ್, ವಿಳಾಸದ ದಾಖಲೆ ಸಾಕು. ಯಾವ ಆಸ್ಪತ್ರೆ ಅಂತ ಕೇಳಿದಾಗ ಶಿವಮೊಗ್ಗ ಜಿಲ್ಲೆಯವರು ಸಾಮಾನ್ಯವಾಗಿ ಆರಿಸುವುದು ಮೆಗ್ಗಾನ್. ಕೊನೆಗೆ ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮೊಬೈಲಿಗೆ ಮೆಸೇಜ್ ಬಂದೀತು ಅಂತ ನೆಚ್ಚಿಕೊಂಡರೆ, ನಮ್ಮೂರುಗಳ ನೆಟ್‌ವರ್ಕ್ ಗೊತ್ತಲ್ಲ.

ಒಬ್ಬರೇ ಒದ್ದಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಆರ್‌ಡಬ್ಲ್ಯೂ ಅಂತ ಕೇಳಿದರೆ ತೋರಿಸುತ್ತಾರೆ. ಅವರೂ ಬಹುಪಾಲು ವಿಕಲಚೇತನರೇ. ಅರ್ಜಿ ತುಂಬುವುದು, ಆಸ್ಪತ್ರೆಯಲ್ಲಿ ತಪಾಸಣೆಯ ದಿನ ಯಾವುದು ಎಂದು ವಿಚಾರಿಸುವುದು ಅವರಿಗೆ ದಿನನಿತ್ಯದ ಕೆಲಸ.

ಆಧಾರ್ ಬಗ್ಗೆ ಒಂದು ಮಾತು. ಐದು ವರ್ಷದ ಒಳಗೆ ಮಾಡಿಸಿದ ಆಧಾರಿಗೆ ಬೆರಳಚ್ಚು ಇರುವುದಿಲ್ಲ. ಐದಾದ ಮೇಲೆ ಬೆರಳು, ಕಣ್ಣು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಕೂತಲ್ಲಿ ಕೂರದ ಮಗುವಿಗೆ ಇದು ದೊಡ್ಡ ಸರ್ಕಸ್. ರಶ್ ಇಲ್ಲದ ಹೊತ್ತು ನೋಡಿ ಹೋಗಿ.

ತಪಾಸಣೆ ದಿನ

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಬಳಸುವುದು ವೈನ್‌ಲ್ಯಾಂಡ್ ಮಾಪಕ. ಇಲ್ಲಿ ಉತ್ತರ ಕೊಡುವವರು ತಾಯಿಯೇ. ಲೋಟದಲ್ಲಿ ತಾನೇ ಕುಡಿಯುತ್ತಾನಾ? ಗುಂಡಿ ಹಾಕಿಕೊಳ್ಳುತ್ತಾನಾ? ಬಚ್ಚಲಿಗೆ ಹೋಗಬೇಕು ಅಂತ ಹೇಳುತ್ತಾನಾ? ಅದರಿಂದ ಮಗುವಿನ ನಡವಳಿಕೆ ಎಷ್ಟು ವಯಸ್ಸಿನವರದ್ದು ಅಂತ ಲೆಕ್ಕ ಹಾಕುತ್ತಾರೆ. ನಾಲ್ಕು ವರ್ಷದ ಮಗು ಎರಡು ವರ್ಷದವರ ಹಾಗೆ ಇದ್ದರೆ ಅಂಕ 50. ಅಂಕ 36ರಿಂದ 54 ಇದ್ದರೆ ವೈಕಲ್ಯ ಶೇ 75. 55ರಿಂದ 69 ಇದ್ದರೆ ಶೇ 50. 70ರಿಂದ 84 ಇದ್ದರೆ ಶೇ 25. ಬಹುಪಾಲು ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು.

ಹಾಗಾಗಿ ಒಂದೆರಡು ಉತ್ತರದಲ್ಲೇ ತುಂಬ ವ್ಯತ್ಯಾಸ ಆಗುತ್ತದೆ. ಮೊದಲ ಸಲ ನಾನೂ ಅಕ್ಕನ ಜೊತೆ ಹೋಗಿದ್ದೆ. ಕುರ್ಚಿಯಲ್ಲಿ ಕೂತ ಕೂಡಲೇ ಅಕ್ಕ, "ಪುಟ್ಟಾ, ಡಾಕ್ಟರ್ ಮಾಮಂಗೆ ನಮಸ್ಕಾರ ಮಾಡು. ಬೆಕ್ಕು ಹೆಂಗೆ ಕೂಗುತ್ತೆ ಹೇಳು" ಅಂತ ಶುರು ಮಾಡಿದಳು. ಅವನು ಅಪರೂಪಕ್ಕೆ ಮಿಯಾಂವ್ ಅಂದ. ಅಕ್ಕನ ಮುಖ ಅರಳಿತು. "ಊಟ ತಾನೇ ಮಾಡ್ತಾನಾ ಅಮ್ಮಾ?" "ಹೂಂ, ಮಾಡ್ತಾನೆ ಸರ್." ನನಗೆ ತಡೆಯಲಾಗಲಿಲ್ಲ. ಮೇಜಿನ ಕೆಳಗಿಂದ ಅವಳ ಕಾಲು ಒತ್ತಿದೆ. ಆಮೇಲೆ ನೋಟ್‌ಬುಕ್ ಹೊರಗೆ ಬಂತು. ಯಾವ ತಾಯಿಗೆ ತಾನೆ ಮಗುವಿನ ಕೊರತೆ ಹೇಳುವುದು ಇಷ್ಟ, ಅಲ್ವಾ? ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೊಂದು ಸಲ ಮಾಡುವುದನ್ನು 'ಮಾಡ್ತಾನೆ' ಅನ್ನಬೇಡಿ.

ದೂರದವರು ಹಿಂದಿನ ರಾತ್ರಿಯೇ ಶಿವಮೊಗ್ಗದಲ್ಲಿ ನೆಂಟರ ಮನೆ ಇದ್ದರೆ ಉಳಿದುಕೊಳ್ಳಿ. ತೀರ್ಥಹಳ್ಳಿ, ಸಾಗರ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ವಾಂತಿ ಮಾಡಿಕೊಂಡು ಬಂದ ಮಗು ಯಾವ ಪರೀಕ್ಷೆಗೂ ಬಗ್ಗುವುದಿಲ್ಲ. ಅವನದೇ ಲೋಟ, ಅವನು ತಿನ್ನುವ ಬುತ್ತಿ, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ.

ಕಾಗದ ಕೈಗೆ ಬಂದ ಮೇಲೆ

ಎರಡು ವಿಷಯ ನೋಡಿ: ಶೇಕಡಾ ಎಷ್ಟು, ಯಾವ ದಿನಾಂಕದವರೆಗೆ ಊರ್ಜಿತ. ಹೆಸರಿನ ಅಕ್ಷರ ಆಧಾರಿನಲ್ಲಿ ಇದ್ದ ಹಾಗೇ ಇದೆಯಾ ಅಂತಲೂ ನೋಡಿ.

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಶೇ 40ರಿಂದ ತಿಂಗಳಿಗೆ 800 ರೂಪಾಯಿ, 75 ಮುಟ್ಟಿದರೆ ಇನ್ನೂ ಜಾಸ್ತಿ. ಕುಟುಂಬದ ವರ್ಷದ ಆದಾಯ 32,000 ರೂಪಾಯಿ ದಾಟಬಾರದು. ಮಗುವಿಗೆ ಇಷ್ಟು ವಯಸ್ಸಾಗಿರಬೇಕು ಅಂತಿಲ್ಲ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಖಾತೆ ಬೇಕು. ನಾವು ಹೋದ ಕಚೇರಿಯಲ್ಲಿ "ಇದು ತಾತ್ಕಾಲಿಕ ಸರ್ಟಿಫಿಕೇಟ್, ಪರ್ಮನೆಂಟ್ ತನ್ನಿ" ಅಂತ ವಾಪಸ್ ಕಳಿಸಿದರು. ಆಗಿನ್ನೂ ನಾಲ್ಕು ವರ್ಷದ ಮಗುವಿಗೆ ಪರ್ಮನೆಂಟ್ ಎಲ್ಲಿಂದ ತರುವುದು? ಭಾವ ಜಗಳ ಮಾಡಲಿಲ್ಲ. "ಹಾಗಂತ ಬರೆದುಕೊಡಿ ಸರ್" ಅಂದರು. ಅರ್ಜಿ ತೆಗೆದುಕೊಂಡರು.

ಆದಾಯ ಜಾಸ್ತಿ ಅಂತ ಮಾಸಾಶನ ತಪ್ಪಿದ ಅಡಿಕೆ ತೋಟದವರು ಅಲ್ಲಿಗೇ ಕೈಬಿಡಬೇಡಿ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿ ಖರ್ಚಿಗೂ ಒಂದು ಪಾಲು. ಆದಾಯ ತೆರಿಗೆ ಕಟ್ಟುವವರಿಗೆ ಹಳೇ ಪದ್ಧತಿಯಲ್ಲಿ ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತ, ವೈಕಲ್ಯ ಶೇ 80 ಇದ್ದರೆ 1,25,000. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ. ಆದರೆ ನಮ್ಮ ಎಷ್ಟೋ ಊರಿಗೆ ಬರುವುದು ಪ್ರೈವೇಟ್ ಬಸ್ಸು, ಅಲ್ಲಿ ಈ ಪಾಸು ನಡೆಯುವುದಿಲ್ಲ.

ಶಾಲೆಯ ವಿಷಯಕ್ಕೆ ಕಾರ್ಡಿಗಾಗಿ ಕಾಯಬೇಡಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳ ಕಲಿಕೆ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಿ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಅವರ ಮೂಲಕವೇ.

ಇಲ್ಲ ಅಂದರೆ

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. ಬಾಯಿಮಾತಿಗೆ ಒಪ್ಪಿ ಬರಬೇಡಿ. ಶೇಕಡಾ ಕಡಿಮೆ ಹಾಕಿದ್ದಾರೆ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ತಾತ್ಕಾಲಿಕ ಪತ್ರದ ಅವಧಿ ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ಮತ್ತೆ ಅರ್ಜಿ ಹಾಕಿ. ಬೌದ್ಧಿಕ ವೈಕಲ್ಯಕ್ಕೆ 5, 10 ಮತ್ತು 18ನೇ ವಯಸ್ಸಿಗೆ ಮರುತಪಾಸಣೆ, 18ಕ್ಕೆ ಕೊಟ್ಟಿದ್ದು ಜೀವನಪರ್ಯಂತ. ಅಲ್ಲಿಯವರೆಗೆ ಫೈಲು ಬಾಳಬೇಕಲ್ಲ! ನಮ್ಮ ಮಳೆಗಾಲದಲ್ಲಿ ಗೋಡೆಯ ಕಪಾಟಿನಲ್ಲಿಟ್ಟ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸುಲಿದ ಅಡಿಕೆ ಒಣಗಿಸುವ ಬೆಚ್ಚಗಿನ ಅಟ್ಟದಲ್ಲಿಟ್ಟಿದ್ದಾಳೆ. ನೋಟ್‌ಬುಕ್ ಈಗ ಮೂರನೆಯದು. ಮೊನ್ನೆಯ ಪುಟದಲ್ಲಿ ಒಂದೇ ಸಾಲು: 'ಒಂದು ಕಾಲಿಗೆ ಚಡ್ಡಿ ತಾನೇ ಹಾಕಿದ.'