ಐವಿಎಫ್ ವೇಳೆ ಯಾವಾಗ ನಡೆಯಬೇಕು, ಯಾವಾಗ ನಿಲ್ಲಿಸಬೇಕು

ಐವಿಎಫ್ ಎಂದರೆ ಅಂಡ ಹೊರತೆಗೆದು, ಲ್ಯಾಬ್‌ನಲ್ಲಿ ಭ್ರೂಣ ಮಾಡಿ, ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ. ಮುಂಬೈ ಕಡೆಯ ಮಾಟುಂಗಾ, ಡೊಂಬಿವ್ಲಿಯ ನಮ್ಮವರ ಮನೆಗಳಲ್ಲಿ ಐವಿಎಫ್ ಎಂದರೆ ಎಲ್ಲವೂ ತಿರುವುಮುರುವು. ಮೈ ಬಗ್ಗಿಸಬೇಕಾದ ತಿಂಗಳುಗಳಲ್ಲಿ ಸೋಫಾ ಬಿಡುವುದಿಲ್ಲ. ಜಿಗಿತ ಬಿಡಬೇಕಾದ ವಾರದಲ್ಲಿ ಜಿಮ್ ತಪ್ಪಿಸುವುದಿಲ್ಲ. ಓಡಾಡಬಹುದಾದಾಗ ಹಾಸಿಗೆ ಹಿಡಿಯುತ್ತಾರೆ!

ಹಂತ 1: ಚಿಕಿತ್ಸೆಗೆ ಮುಂಚಿನ ತಿಂಗಳುಗಳು

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಚಿಕಿತ್ಸೆಗೆ ಮೊದಲೇ ಚಟುವಟಿಕೆಯಿಂದಿದ್ದ ಹೆಂಗಸರಲ್ಲಿ ಗರ್ಭ ನಿಲ್ಲುವುದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಗ್ಯಾರಂಟಿಯಲ್ಲ. ವಯಸ್ಸಿನ ಪ್ರಭಾವವೇ ಜಾಸ್ತಿ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದುಮುಂದಾಗುವ ತೊಂದರೆ) ಇದ್ದವರಿಗೆ ಇನ್ನೊಂದು ಲಾಭ: ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ವ್ಯಾಯಾಮ ನೆರವಾಗುತ್ತದೆ.

ಲೋಕಲ್‌ನಲ್ಲಿ ನಿಂತು ಬಂದೆ ಎಂದರೆ ಲೆಕ್ಕಕ್ಕಿಲ್ಲ. ಫೈವ್ ಗಾರ್ಡನ್ಸ್‌ನಲ್ಲಿ ಸುತ್ತು ಹಾಕಿ. ಮಳೆ ಹಿಡಿದರೆ ಬಿಲ್ಡಿಂಗ್ ಪ್ಯಾಸೇಜ್ ಇದೆಯಲ್ಲ. ಹೊಟ್ಟೆಗೆ ಕಟ್ಟುವ ಬೆವರು ಬೆಲ್ಟ್‌ಗೆ ದುಡ್ಡು ಸುರಿಯಬೇಡಿ, ಹೋಗುವುದು ನೀರು, ಕೊಬ್ಬಲ್ಲ. ಊಟ ಕಡಿಮೆ ಮಾಡಿ ಮ್ಯಾರಥಾನ್ ತಯಾರಿಯೂ ಬೇಡ, ಮುಟ್ಟೇ ಏರುಪೇರಾಗುತ್ತದೆ.

ಹಂತ 2: ಇಂಜೆಕ್ಷನ್ ದಿನಗಳು

ಎಡವುವುದು ಇಲ್ಲೇ. ಸಾಮಾನ್ಯವಾಗಿ 8ರಿಂದ 14 ದಿನ ಇಂಜೆಕ್ಷನ್ ಇರುತ್ತದೆ. ಮಾಮೂಲಿ ತಿಂಗಳಲ್ಲಿ ಒಂದೇ ಅಂಡ ಬಲಿಯುತ್ತದೆ, ಈಗ ಹಲವು ಒಟ್ಟಿಗೆ. ಹಾಗಾಗಿ ಅಂಡಾಶಯ ಊದಿ ಭಾರವಾಗುತ್ತದೆ. ಓಡಿದರೆ, ಕುಣಿದರೆ, ಸೊಂಟ ತಿರುಚಿದರೆ ಅದು ತನ್ನ ತೊಟ್ಟಿನ ಸುತ್ತ ತಿರುಚಿಕೊಳ್ಳುವ ಅಪಾಯವಿದೆ. ಅಪರೂಪ ನಿಜ. ಆದರೆ ಹಾಗಾದರೆ ರಕ್ತ ಓಡಾಟ ನಿಂತು ತುರ್ತು ಆಪರೇಷನ್ ಬೇಕಾಗುತ್ತದೆ.

ಬೇರೆಯವರು ಏನೇ ಹೇಳಲಿ, ಮೊದಲ ಇಂಜೆಕ್ಷನ್‌ನಿಂದಲೇ ಝುಂಬಾ, ಸ್ಕಿಪ್ಪಿಂಗ್, ತೂಕ ಎತ್ತುವುದು, ತಿರುಚುವ ಯೋಗಾಸನ ನಿಲ್ಲಿಸಿ ಎನ್ನುವವಳು ನಾನು. ನಡಿಗೆ ಮುಂದುವರಿಸಿ, ವೇಗ ಇಳಿಸಿ. 'ಫರ್ಟಿಲಿಟಿ ಯೋಗ' ಎಂಬ ಪ್ಯಾಕೇಜ್ ಮಾರುವವರು ಎಷ್ಟನೇ ಇಂಜೆಕ್ಷನ್ ಎಂದು ಕೇಳುವುದೇ ಇಲ್ಲ, ಸುಮ್ನೆ ಎಲ್ಲರಿಗೂ ಒಂದೇ ಆಸನ. ಒಮ್ಮೆಲೇ ಚುಚ್ಚುವ ನೋವು ಬಂದರೆ, ಹೊಟ್ಟೆ ಬಿಗಿದು ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 3: ಅಂಡ ತೆಗೆದ ದಿನ

ಮನೆಗೆ ಬಂದು ಮಲಗಿ. ಊತ ಅಂದೇ ಇಳಿಯುವುದಿಲ್ಲ. ಮುಂದಿನ ಮುಟ್ಟಿನವರೆಗೆ ಓಟ ಬೇಡ.

ಹಂತ 4: ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶದಲ್ಲಿ ಇಡುವುದು) ಆದ ಮೇಲೆ

ಈಗ ಶುರು ಅತ್ತೆಯವರ ಪಹರೆ. ಮೆಟ್ಟಿಲು ಇಳಿಯಬೇಡ, ಕಾಲು ಕೆಳಗಿಡಬೇಡ. ಭ್ರೂಣ ಜಾರಿ ಬೀಳುವುದಿಲ್ಲ, ಅತ್ತೆ! ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಟ್ರಾನ್ಸ್‌ಫರ್ ನಂತರ ಬೆಡ್ ರೆಸ್ಟ್ ಬೇಡ ಎಂದು ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಹಗಲಿಡೀ ಮಲಗಿದರೆ ಗರ್ಭ ನಿಲ್ಲುವುದು ಹೆಚ್ಚಾಗುವುದಿಲ್ಲ, ತಲೆಯೊಳಗಿನ ಚಿಂತೆ ಹೆಚ್ಚಾಗುತ್ತದೆ, ಅಲ್ವಾ?

ಅಡುಗೆ, ಆಫೀಸು, ಸಂಜೆಯ ವಾಕಿಂಗ್ ಎಲ್ಲ ನಡೆಯಲಿ. ಬೆಳಗಿನ ಫಾಸ್ಟ್ ಲೋಕಲ್‌ನ ನೂಕುನುಗ್ಗಲು ಬಿಟ್ಟು ಸ್ಲೋ ಗಾಡಿ ಹಿಡಿಯಿರಿ. ಫ್ರೀಜ್ ಮಾಡಿದ ಭ್ರೂಣ ಇಟ್ಟಿದ್ದರೆ ಅಂಡಾಶಯ ಅಷ್ಟರಲ್ಲಿ ಸಹಜ ಸ್ಥಿತಿಗೆ ಬಂದಿರುತ್ತದೆ, ಹೆದರಿಕೆ ಇನ್ನೂ ಕಡಿಮೆ. ರಕ್ತಸ್ರಾವ ಕಂಡರೆ ಅಥವಾ ಬೇರೆ ಕಾರಣಕ್ಕೆ ಡಾಕ್ಟರ್ ರೆಸ್ಟ್ ಹೇಳಿದ್ದರೆ ಮಾತ್ರ ಈ ಲೇಖನ ಬದಿಗಿಟ್ಟು ಅವರ ಮಾತು ಕೇಳಿ.