ಮೊಳಕೆ ರಾಗಿ ಮಾಲ್ಟ್: ಎಡವುವುದು ಒಲೆಯ ಮುಂದೆ

ಮೂರು ದಿನ ಮೊಳಕೆ ಕಟ್ಟಿ, ಎರಡು ದಿನ ಒಣಗಿಸಿ, ಮಿಲ್ಲಿಗೆ ಹೋಗಿ ಬೀಸಿಸಿಕೊಂಡು ಬಂದ ಹಿಟ್ಟನ್ನು ಕೊನೆಗೆ ಕುದಿಯುವ ನೀರಿಗೆ ಸುರಿಯುತ್ತಾರೆ. ಅಲ್ಲಿಗೆ ಅಷ್ಟೂ ದಿನದ ಕೆಲಸ ನೀರುಪಾಲು. ಮಂಡ್ಯದಲ್ಲಿ ನನ್ನ ಅಕ್ಕನ ಮಗಳು ಏಳು ತಿಂಗಳ ಮಗುವಿಗೆ ಹೀಗೇ ಮಾಡುತ್ತಿದ್ದಳು. ಪಾತ್ರೆಯಲ್ಲಿದ್ದದ್ದು ಗಂಜಿಯಲ್ಲ, ಅಂಟು. ಮಗು ನುಂಗಲಾಗದೆ ಉಗುಳುತ್ತಿತ್ತು. ‘ಮೊಳಕೆ ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ ಅಲ್ವಾ ಚಿಕ್ಕಮ್ಮ?’ ಅಂದಳು. ಅಲ್ಲ. ತುಂಬಾ ವ್ಯತ್ಯಾಸ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಎಳೆ ಸಸಿಗೆ ಊಟ ಬೇಕಲ್ಲ, ಅದಕ್ಕಾಗಿ ಕಾಳಿನ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು ಇದರ ಕೆಲಸ. ಈ ಕಿಣ್ವವನ್ನು ಜೋಪಾನವಾಗಿ ಒಲೆಯ ತನಕ ತಂದರೆ, ಗಟ್ಟಿ ಗಂಜಿ ನಮ್ಮ ಕಣ್ಣ ಮುಂದೆಯೇ ತೆಳ್ಳಗಾಗುತ್ತದೆ. ಸ್ವಲ್ಪ ಸಿಹಿಯೂ ಆಗುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ಗಂಜಿ ತೆಳ್ಳಗಾಗಲಿ ಅಂತ ನೀರು ಸೇರಿಸಿದರೆ ಚಮಚಕ್ಕೆ ಬರುವ ಹಿಟ್ಟು ಕಡಿಮೆಯಾಗುತ್ತದೆ. ಮಾಲ್ಟ್‌ನಿಂದ, ಅಂದರೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಿಂದ, ತೆಳ್ಳಗಾದರೆ ಹಿಟ್ಟು ಅಷ್ಟೇ ಇರುತ್ತದೆ, ನುಂಗುವುದು ಸುಲಭವಾಗುತ್ತದೆ. ಬಿಯರ್ ಮಾಡುವವರು ಬಾರ್ಲಿ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡುವುದೂ ಇದೇ ಕಿಣ್ವದ ಕೆಲಸಕ್ಕಾಗಿ. ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ರಾಗಿಯ ಮಾಲ್ಟ್ ಬಗ್ಗೆ ಸಾಕಷ್ಟು ಸಂಶೋಧನೆ ಆಗಿದೆ. ಕಿರುಧಾನ್ಯಗಳಲ್ಲಿ ಮಾಲ್ಟ್‌ಗೆ ರಾಗಿ ಬಹಳ ಚೆನ್ನಾಗಿ ಒಗ್ಗುತ್ತದೆ.

ಮೊದಲು ರಾಗಿ. ನಾಗಮಂಗಲ ಕಡೆಯ ರೈತರ ಮನೆಯಿಂದ ಸಿಕ್ಕರೆ ಅದನ್ನೇ ತನ್ನಿ, ನಾನು ತರುವುದು ಅಲ್ಲಿಂದಲೇ. ಬಿತ್ತನೆ ಬೀಜದ ಅಂಗಡಿಯ ರಾಗಿ ಮಾತ್ರ ಬೇಡವೇ ಬೇಡ. ಅದಕ್ಕೆ ಔಷಧಿ ಸವರಿರುತ್ತಾರೆ, ತೊಳೆದರೂ ಹೋಗುವುದಿಲ್ಲ. ಒಂದು ಕೆಜಿ ನೆನೆಸುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನದಲ್ಲಿ ತೊಂಬತ್ತಾದರೂ ಮೊಳೆಯಬೇಕು. ಅರವತ್ತೋ ಎಪ್ಪತ್ತೋ ಮೊಳೆತರೆ ಆ ರಾಗಿ ಮುದ್ದೆಗಿರಲಿ. ಮೊಳೆಯದ ಕಾಳಿನಲ್ಲಿ ಈ ಕಿಣ್ವ ಇರುವುದಿಲ್ಲ. ಬರೀ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ.

ಕಲ್ಲು ಮಣ್ಣು ಹೋಗುವ ತನಕ ತೊಳೆದು, ಹತ್ತು ಹನ್ನೆರಡು ಗಂಟೆ ನೆನೆಸಿ. ನಡುವೆ ಒಂದು ಸಲ ನೀರು ಬದಲಿಸಿ.

ಆಮೇಲೆ ನೀರು ಪೂರ್ತಿ ಬಸಿಯಬೇಕು. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ತುಂಬಾ ಜನ ಇಲ್ಲಿ ಗಂಟನ್ನು ಬಿಗಿಯಾಗಿ ಕಟ್ಟಿ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಮೊಳಕೆಗೆ ಗಾಳಿ ಬೇಕು. ಗಾಳಿ ಇಲ್ಲದಿದ್ದರೆ ಕಾಳು ಒಳಗೇ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ. ಹಳೆಯ ಪಂಚೆಯಲ್ಲಿ ಸಡಿಲವಾಗಿ ಸುತ್ತಿ ತೂತಿನ ಬುಟ್ಟಿಯಲ್ಲಿಡಿ. ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿ ಕೈಯಾಡಿಸಿ. ಮೈಸೂರಿನ ಡಿಸೆಂಬರ್ ಚಳಿಗೆ ಮೂರು ದಿನ ಬೇಕು, ಏಪ್ರಿಲ್‌ನಲ್ಲಿ ಎರಡು ದಿನ ಸಾಕು. ಒಂದೇ ದಿನಕ್ಕೆ ಬಿಳಿ ಚುಕ್ಕೆ ಕಂಡ ಕೂಡಲೇ ಒಣಗಿಸಬೇಡಿ. ಆಗ ಮೊಳಕೆ ಬಂದಿರುತ್ತದೆ, ಕಿಣ್ವ ಸಾಕಷ್ಟು ಬಂದಿರುವುದಿಲ್ಲ. ಬೇರು ಕಾಳಿಗಿಂತ ಉದ್ದವಾಗಿ ಒಂದಕ್ಕೊಂದು ಹೆಣೆದುಕೊಳ್ಳಲಿ. ಹಸಿರು ಎಲೆ ಬರುವಷ್ಟು ಬಿಟ್ಟರೆ ಸಕ್ಕರೆಯೆಲ್ಲ ಸಸಿಗೇ ಹೋಗುತ್ತದೆ. ಕಪ್ಪು ಅಥವಾ ಹಸಿರು ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ.

ಜೋಳವನ್ನೂ ಹೀಗೇ ಮಾಡಬಹುದಾ ಅಂತ ಕೇಳುತ್ತಾರೆ. ಮನೆಯಲ್ಲಿ ಮಾಡಬೇಡಿ. ಜೋಳದ ಮೊಳಕೆಯಲ್ಲಿ ಸೈನೈಡ್ ಬಿಡುವ ಅಂಶ ಹುಟ್ಟುತ್ತದೆ. ರಾಗಿಯಲ್ಲಿ ಆ ತೊಂದರೆ ಇಲ್ಲ.

ಒಣಗಿಸುವುದು ಬಿಸಿಲಲ್ಲಿ, ತೆಳ್ಳಗೆ ಹರಡಿ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ. ಬೇರು ಉಳಿದರೆ ಕಹಿ. ಇನ್ನು ಹುರಿಯುವ ವಿಷಯ. ನಮ್ಮ ಕಡೆ ಹುರಿಹಿಟ್ಟಿನ ಅಭ್ಯಾಸ ಇರುವುದರಿಂದ ಮೊಳಕೆ ರಾಗಿಯನ್ನೂ ಬಾಣಲೆಗೆ ಹಾಕಿ ಘಮ್ಮೆನ್ನುವ ತನಕ ಹುರಿಯುತ್ತಾರೆ. ರುಚಿ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಆ ಬಿಸಿಗೆ ಕಿಣ್ವ ಉಳಿಯುವುದಿಲ್ಲ. ಪೂರ್ತಿ ಒಣಗಿದ ಕಾಳನ್ನು ಸಣ್ಣ ಉರಿಯಲ್ಲಿ, ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ ಆಡಿಸಿ ಇಳಿಸಿ. ಒದ್ದೆ ಇರುವಾಗ ಆ ಬಿಸಿಯೂ ಬೇಡ. ಕಾಳು ಹಸಿಯಾಗಿದ್ದಾಗ ಕಿಣ್ವ ಬೇಗ ಸಾಯುತ್ತದೆ, ಒಣಗಿದ್ದಾಗ ಸ್ವಲ್ಪ ತಡೆದುಕೊಳ್ಳುತ್ತದೆ. ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ, ಮನೆಗೆ ತಂದ ಕೂಡಲೇ ಹರಡಿ ಆರಿಸಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ತರಿ ತರಿಯಾಗಿ ಉಳಿದರೆ ಒಳಗಿನ ಪಿಷ್ಟಕ್ಕೆ ನೀರೂ ತಲುಪುವುದಿಲ್ಲ, ಕಿಣ್ವವೂ ತಲುಪುವುದಿಲ್ಲ.

ಈಗ ಒಲೆ. ಇಲ್ಲಿ ನಿಧಾನವಾಗಿ ಓದಿ.

ಪಿಷ್ಟ ಬೆಂದು ಅರಳದೆ ಕಿಣ್ವ ಅದನ್ನು ಸರಿಯಾಗಿ ಕತ್ತರಿಸಲಾರದು. ರಾಗಿ ಪಿಷ್ಟ ಅರಳಲು ಸುಮಾರು 65ರಿಂದ 70 ಡಿಗ್ರಿಯಾದರೂ ಬೇಕು. ಕಿಣ್ವಕ್ಕೋ 75 ದಾಟಿದರೆ ಕಷ್ಟ, ಕುದಿಯುವ ನೀರಿನಲ್ಲಿ ಸಾವು. ಎರಡಕ್ಕೂ ಒಗ್ಗುವ ಜಾಗ ತುಂಬಾ ಕಿರಿದು. ಹಾಗಾಗಿ ನಾನು ಎರಡನ್ನೂ ಒಂದೇ ಸಲ ಮಾಡಲು ಹೋಗುವುದಿಲ್ಲ. ಮೊಳಕೆ ಕಟ್ಟದ ಮಾಮೂಲಿ ರಾಗಿ ಹಿಟ್ಟು ನಾಲ್ಕು ಊಟದ ಚಮಚ ತೆಗೆದುಕೊಳ್ಳಿ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಮುನ್ನೂರು ಮಿಲಿ ನೀರಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಬೇಯಿಸಿ. ಗಟ್ಟಿ ಅಂಟು ಆಗುತ್ತದೆ, ಆಗಲಿ. ಒಲೆ ಆರಿಸಿ ಕೈಯಾಡಿಸುತ್ತಾ 65 ಡಿಗ್ರಿಗೆ ಇಳಿಸಿ. ಆಗ ಒಂದು ಟೀ ಚಮಚ ಮಾಲ್ಟ್ ಹಿಟ್ಟನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ ಹಾಕಿ, ತಿರುವಿ. ಕೆಲವೇ ನಿಮಿಷದಲ್ಲಿ ಸೌಟು ಹಗುರಾಗುವುದು ಕೈಗೇ ಗೊತ್ತಾಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಮುಚ್ಚಿ ಹದಿನೈದು ನಿಮಿಷ ಬಿಡಿ. ಆಮೇಲೆ ಮತ್ತೆ ಒಲೆಗಿಟ್ಟು ಐದು ನಿಮಿಷ ಚೆನ್ನಾಗಿ ಕುದಿಸಿ. ಮೊಳಕೆಯ ಜೊತೆ ಬ್ಯಾಕ್ಟೀರಿಯಾ ಕೂಡ ಬೆಳೆದಿರುತ್ತದೆ. ಮಗುವಿಗೆ ಕೊಡುವುದಾದರೆ ಈ ಕುದಿ ಬಿಡಲೇಬಾರದು.

ಪೂರ್ತಿ ಮಾಲ್ಟ್ ಹಿಟ್ಟಿನಲ್ಲೇ ಮಾಡಬೇಕೆಂದರೆ ತಣ್ಣೀರಿನಲ್ಲಿ ಕದಡಿ, ದಪ್ಪ ತಳದ ಪಾತ್ರೆಯಲ್ಲಿ ತೀರಾ ಸಣ್ಣ ಉರಿಯಲ್ಲಿಡಿ. 60ರಿಂದ 70 ಡಿಗ್ರಿ ದಾಟುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಬೇಕು. ಆಮೇಲೆ ಕುದಿಸಿ. ಬಿಸಿನೀರಿಗೆ ಹಿಟ್ಟು ಹಾಕುವ ಮಾತೇ ಇಲ್ಲ.

ಬೆರಳದ್ದಿ ಬಿಸಿ ನೋಡಬೇಡಿ, 65 ಡಿಗ್ರಿ ಗಂಜಿ ಸುಡುತ್ತದೆ. ಜ್ವರ ನೋಡುವ ಥರ್ಮಾಮೀಟರ್ 42 ಡಿಗ್ರಿಗೇ ಮುಗಿಯುತ್ತದೆ, ಅದೂ ಬೇಡ. ಸ್ಟೀಲ್ ಕಡ್ಡಿಯ ಅಡುಗೆ ಥರ್ಮಾಮೀಟರ್ ತೆಗೆದುಕೊಳ್ಳಿ. ಅದು ಸರಿ ಇದೆಯಾ ಅಂತ ಕುದಿಯುವ ನೀರಿನಲ್ಲಿ ನೋಡಿ. ಮೈಸೂರು ಸಮುದ್ರ ಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ನೂರು ತೋರಿಸಲಿಲ್ಲ ಅಂತ ವಾಪಸ್ ಕೊಡಬೇಡಿ.

ಇಷ್ಟಾದರೂ ತೆಳ್ಳಗಾಗಲಿಲ್ಲವಾ? ಒಂದು ಹನಿ ಗಂಜಿಯನ್ನು ಬಿಳಿ ತಟ್ಟೆಯಲ್ಲಿ ಆರಿಸಿ, ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಕಡು ನೀಲಿಯಾದರೆ ಪಿಷ್ಟ ಇನ್ನೂ ಹಾಗೇ ಇದೆ. ಆ ಹನಿಯನ್ನು ಚೆಲ್ಲಿ, ತಟ್ಟೆ ತೊಳೆಯಿರಿ. ಈಗ ಅದೇ ಗಂಜಿಗೆ, 65 ಡಿಗ್ರಿಯಲ್ಲೇ, ಇನ್ನೊಂದು ಚಮಚ ಮಾಲ್ಟ್ ಹಾಕಿ ನೋಡಿ. ತೆಳ್ಳಗಾದರೆ ಮೊದಲು ಹಾಕಿದ್ದು ಸಾಲದಾಗಿತ್ತು, ಇಲ್ಲವೇ ಆಗ ಗಂಜಿ ಇನ್ನೂ ತುಂಬಾ ಬಿಸಿ ಇತ್ತು. ಆಗಲೂ ಆಗದಿದ್ದರೆ ಹಿಟ್ಟಿನಲ್ಲೇ ಕಿಣ್ವ ಇಲ್ಲದಿರಬಹುದು. ಜಾಸ್ತಿ ಹುರಿದಿರಾ, ಒಂದೇ ದಿನಕ್ಕೆ ಒಣಗಿಸಿದಿರಾ ಅಂತ ನೆನಪಿಸಿಕೊಳ್ಳಿ. ಎರಡೂ ಅಲ್ಲ ಅಂದರೆ ನೀರು ನೋಡಿ. ಕ್ಷಾರ ಜಾಸ್ತಿ ಇರುವ ಬೋರ್‌ವೆಲ್ ನೀರು ಈ ಕಿಣ್ವಕ್ಕೆ ಒಗ್ಗುವುದಿಲ್ಲ. ಕಾವೇರಿ ನೀರಿನಲ್ಲಿ ಒಂದು ಸಲ ಮಾಡಿ ನೋಡಿ.

ಅಂಗಡಿಯ ‘ಮಾಲ್ಟ್’ ಪುಡಿ ತಂದು ಇದೇ ಕೆಲಸ ಮಾಡಲು ಹೋಗಬೇಡಿ. ಪೊಟ್ಟಣದ ಹಿಂದೆ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಸಕ್ಕರೆ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಸಕ್ಕರೆ. ದೊಡ್ಡವರ ಲೋಟಕ್ಕೆ ಮಂಡ್ಯದ ಬೆಲ್ಲ ಒಂದು ಚೂರು, ಏಲಕ್ಕಿ, ಹಾಲು ಸಾಕು. ವರ್ಷ ತುಂಬದ ಮಗುವಿಗೆ ಬೆಲ್ಲವೂ ಬೇಡ, ಗಂಜಿಯದೇ ಸಿಹಿ ಇರುತ್ತದೆ.

ಹಿಟ್ಟನ್ನು ಒಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಸ್ವಲ್ಪ ಸ್ವಲ್ಪವೇ ಮಾಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಗಂಜಿಯನ್ನು ಮಾತ್ರ ಆಯಾ ಹೊತ್ತಿಗೆ ಹೊಸದಾಗಿ ಮಾಡಿಕೊಳ್ಳಿ. ಬೆಳಿಗ್ಗೆ ಮಗು ಬಿಟ್ಟದ್ದನ್ನು ಮಧ್ಯಾಹ್ನ ಬಿಸಿ ಮಾಡಿ ಕೊಡಬೇಡಿ.