ಮನೆ ಕಳೆದುಕೊಂಡು ಪೇಟೆಗೆ ಬಂದಿದ್ದೀರಾ? ಬಾಡಿಗೆ ಮನೆ ಆಮೇಲೆ, ಮಹಜರು ಮೊದಲು

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದಿದ್ದು ನೆನಪಿದೆಯಲ್ವಾ? ಇಂಥ ಹೊತ್ತಿನಲ್ಲಿ ಎಲ್ಲರೂ ಕಾಳಜಿ ಕೇಂದ್ರಕ್ಕೆ (ಸರ್ಕಾರ ತೆರೆಯುವ ತಾತ್ಕಾಲಿಕ ಆಶ್ರಯ) ಹೋಗುವುದಿಲ್ಲ. ಚಿಕ್ಕಮಗಳೂರಿನಲ್ಲಿ ನೆಂಟರಿದ್ದರೆ ಅಲ್ಲಿಗೆ, ನಾಲ್ಕು ದಿನ ಬಿಟ್ಟು ಒಂದು ಬಾಡಿಗೆ ಮನೆಗೆ. ಕೇಂದ್ರದಲ್ಲಿದ್ದವರ ಹೆಸರು ಅಲ್ಲೇ ದಾಖಲಾಗುತ್ತದೆ. ನಿಮ್ಮದು ಪರಿಹಾರದ ಪಟ್ಟಿ ಸೇರಬೇಕಾದರೆ ನೀವೇ ಓಡಾಡಬೇಕು.

ದಾರಿ ಬಿಟ್ಟ ತಕ್ಷಣ ಊರಿಗೆ ಹೋಗಿ. ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡುವಾಗ, ಅಂದರೆ ಜಾಗ ನೋಡಿ ಹಾನಿ ಬರೆದುಕೊಳ್ಳುವಾಗ, ಎದುರಿಗೇ ಇರಿ. ಮನೆ ಎಷ್ಟು ಬಿದ್ದಿದೆ ಅನ್ನುವುದರ ಮೇಲೆ ಎ, ಬಿ, ಸಿ ಎಂದು ಬರೆಯುತ್ತಾರೆ. ಮನೆಯ ಪರಿಹಾರವೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿದೆ. ಗೋಡೆ ಬಿದ್ದ ಫೋಟೊ ನೀವೂ ತೆಗೆದಿಟ್ಟುಕೊಳ್ಳಿ. ಪರಿಹಾರದ ಅರ್ಜಿ ಎರಡು ಪ್ರತಿ ಬರೆದು, ಒಂದನ್ನು ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 'ಆಗಲ್ಲ' ಅಂದರೆ ಜಗಳ ಬೇಡ, ಹಿಂಬರಹ (ಬರಹದಲ್ಲಿ ಉತ್ತರ) ಕೇಳಿ. ಬಾಯಿಮಾತಿಗೆ ಮೇಲ್ಮನವಿ ಹೋಗಲು ಆಗುವುದಿಲ್ಲ.

ತೋಟದ ಲೈನ್ ಮನೆಯಲ್ಲಿ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆ) ಇದ್ದವರ ಪಾಡು ಬೇರೆ. ಮನೆ ಸಾಹುಕಾರರದ್ದು, ಅದರ ಪರಿಹಾರ ನಿಮಗೆ ಬರುವುದಿಲ್ಲ. ಆದರೆ ಕೊಚ್ಚಿಹೋದ ಬಟ್ಟೆ, ಪಾತ್ರೆ ನಿಮ್ಮದೇ ತಾನೆ? ಅದಕ್ಕೂ ನೆರವು ಇದೆ. ಅದನ್ನು ಮಹಜರಿನಲ್ಲಿ ಬೇರೆಯಾಗಿ ಬರೆಸಿ. ಹೆಚ್ಚಿನವರು ಕೇಳದೆ ಬಿಡುವುದು ಇದನ್ನೇ.

ಇನ್ನು ಪೇಟೆಯ ಕೆಲಸ. ರೇಷನ್ ಕಾರ್ಡ್ ಬದಲಾಯಿಸಲು ಸುಮ್ನೆ ಅಲೆಯಬೇಡಿ. ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಅಕ್ಕಿ ತರಬಹುದು. ಟಿಸಿ ಇಲ್ಲವೆಂದು ಸರ್ಕಾರಿ ಶಾಲೆ ಮಕ್ಕಳನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ, 8ನೇ ತರಗತಿವರೆಗೆ. ಟಿಸಿ ಆಮೇಲೆ ತಂದುಕೊಟ್ಟರಾಯಿತು.

ಬಾಡಿಗೆ ಕರಾರು ಪತ್ರ ಮಾತ್ರ ಮಾಡಿಸಿಕೊಳ್ಳಿ. ಮಾಲೀಕರು 'ನಮ್ಮ ನಮ್ಮಲ್ಲಿ ಯಾಕೆ ಅದೆಲ್ಲ' ಅನ್ನಬಹುದು, ಬಿಡಬೇಡಿ. ಮುಂದೆ ಆಧಾರ್ ವಿಳಾಸ ಬದಲಿಸಲು ಅದು ಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರಂ 8. ಆದರೆ ಊರಿನ ಪರಿಹಾರದ ಕಡತ ಮುಗಿಯುವ ತನಕ ವಿಳಾಸ ಬದಲಿಸುವ ಅವಸರ ಬೇಡ ಎಂಬುದು ನನ್ನ ಸಲಹೆ. 'ನೀವು ಈ ಊರಿನವರೇ ಅಲ್ವಲ್ಲ' ಎಂಬ ಮಾತಿಗೆ ದಾರಿ ಯಾಕೆ ಮಾಡಿಕೊಡಬೇಕು?

ಎಲ್ಲ ಮಾಡಿಯೂ ಹಣ ಬರಲಿಲ್ಲವಾ? 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ನೆರೆ, ಭೂಕಂಪ, ದೊಡ್ಡ ದುರಂತಗಳ ಸಂತ್ರಸ್ತರಿಗೆ ವಕೀಲರು ಉಚಿತ. ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಸೀಲು ಹಾಕಿಸಿದ ಆ ಪ್ರತಿ ಹಿಡಿದು ಪ್ರಾಧಿಕಾರದ ಕಚೇರಿಗೆ ಹೋಗಿ.